ಸರೋವರಕ್ಕೆ ನಾನೇ ಸಾರಥಿ

ಚಾರ್ಮಾಡಿ ಘಾಟಿಯನ್ನು ಪೂರ್ತಿ ರಿವರ್ಸ್ ಗೇರಿನಲ್ಲೇ ಇಳಿದವನು ನಾನು. ಡ್ಯಾಶ್‌ಬೋರ್ಡ್ ಮೇಲಿಟ್ಟಿದ್ದ ಪಾತ್ರೆಯಿಂದ ಒಂದು ಹನಿ ಸಾರೂ ಚೆಲ್ಲಿರಲಿಲ್ಲ. ಅಂಥವನಿಗೆ ಜಪಾನಿನ ಉತ್ತರ ತುದಿಯ ಹೊಕ್ಕೈಡೊ ದ್ವೀಪದ ಕಾಡಿನ ರಸ್ತೆ ಯಾವ ಲೆಕ್ಕ?

ಒಸಾಕಾದ ನಮ್ಮ ವಿಶ್ವವಿದ್ಯಾಲಯದಲ್ಲಿ ಗೆಳತಿ ಪ್ರಣತಿ ನಾಲ್ಕು ವರ್ಷ ಹೊಕ್ಕೈಡೊದ ಒಂದು ಸರೋವರದ ಉಪಗ್ರಹ ಚಿತ್ರಗಳನ್ನೇ ನೋಡಿ ಪಿಎಚ್‌ಡಿ ಮುಗಿಸಿದ್ದಳು. ಆ ನೀರನ್ನು ಮಾತ್ರ ಕಣ್ಣಾರೆ ಕಂಡಿರಲಿಲ್ಲ. ಮುಂದಿನ ವಾರ ಅವಳು ಮೈಸೂರಿಗೆ ವಾಪಸ್. ದಡದ ಮೇಲಿನ ವೀಕ್ಷಣಾ ಕಟ್ಟೆಗೆ ಬಸ್ಸಿಲ್ಲ. ಹತ್ತಿರದ ರೈಲು ಸ್ಟೇಷನ್ನಿನಿಂದಲೇ ನಲವತ್ತು ಕಿಲೋಮೀಟರ್ ಕಾಡು.

"ಕಾರು ಬಾಡಿಗೆಗೆ ತಗೊಳ್ಳೋಣ. ಸೂರ್ಯ ಹುಟ್ಟೋಕೆ ಮುಂಚೆ ನಿನ್ನನ್ನ ಕಟ್ಟೆ ಮೇಲೆ ನಿಲ್ಲಿಸ್ತೀನಿ. ಬೇಕಾದ್ರೆ ಸೂರ್ಯನಿಗೇ ಐದು ನಿಮಿಷ ಕಾಯೋಕೆ ಹೇಳ್ತೀನಿ," ಅಂದೆ.

ನನ್ನ ರೂಮ್‌ಮೇಟ್ ಅನೂಪ್ ಕ್ಯಾಂಟೀನ್ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದ. "ಗುರುವೇ, ಫಾರ್ಮ್‌ನಲ್ಲಿ ಜಪಾನಿನ ಲೈಸೆನ್ಸ್ ನಂಬರ್ ಕೇಳ್ತಿದೆ. ಹೇಳು."

"ಅದೆಷ್ಟು ಉದ್ದ ಅಂದ್ರೆ, ಹೇಳಿ ಮುಗಿಸೋಷ್ಟರಲ್ಲಿ ಊಟ ತಣ್ಣಗಾಗುತ್ತೆ."

"ಪರ್ವಾಗಿಲ್ಲ, ಕಾರ್ಡ್ ತೋರ್ಸು."

ಪ್ರಣತಿ ಫೋನ್ ಎತ್ತಿ ಹಿಡಿದಳು. "ಹೊಕ್ಕೈಡೊಗೆ ಫ್ಲೈಟ್ ಟಿಕೆಟ್ ಒತ್ತಿಬಿಡ್ಲಾ? ಆಮೇಲೆ ಕ್ಯಾನ್ಸಲ್ ಮಾಡೋಕಾಗಲ್ಲ."

ಅವಳ ಬೆರಳು ಇಳಿಯುವ ಮುಂಚೆ ಫೋನಿಗೆ ಕೈ ಅಡ್ಡ ಹಿಡಿದೆ.

"ಒತ್ತಬೇಡ ಪ್ರಣತಿ. ನನ್ನ ಹತ್ರ ಜಪಾನಿನ ಲೈಸೆನ್ಸೇ ಇಲ್ಲ. ನಮ್ಮೂರಿನದನ್ನ ಇಲ್ಲಿಯದಕ್ಕೆ ಬದಲಾಯಿಸೋ ಪರೀಕ್ಷೇಲಿ ಐದು ಸಲ ಫೇಲ್. ಮೊನ್ನೆ ಖಾಲಿ ತಿರುವಿನಲ್ಲೂ ಹಾರ್ನ್ ಹೊಡೆದೆ. 'ಯಾರಿಗೆ?' ಅಂತ ಪರೀಕ್ಷಕರು ಮರ್ಯಾದೆಯಿಂದ ಕೇಳಿ ಅಲ್ಲೇ ಇಳಿಸಿದರು. ಮೊದಲು ಟ್ಯಾಕ್ಸಿ ಸಿಗುತ್ತಾ ವಿಚಾರಿಸೋಣ. ಫೋನ್ ನಾನೇ ಮಾಡ್ತೀನಿ."