ಬೆಕ್ಕಿನ ಪಾಲಿನ ಕೌದಿ

ಪುತಳಾಬಾಯಿ ಮಗಳಿಗೆ ಹೊದೆಯಲೆಂದು ಹಳೆಯ ಬಟ್ಟೆ ಕೂಡಿಸಿ ಹೊಲಿದು ತಂದ ಕೌದಿಯನ್ನು ತ್ರಿವೇಣಿ ಪಟ್ಟಿಪಟ್ಟಿಯಾಗಿ ಕತ್ತರಿಸಿ, ಒಂದು ಮರದ ಕಂಬಕ್ಕೆ ಸುತ್ತಿ, ಮೊಳೆ ಹೊಡೆಸಿ, ಬೆಕ್ಕಿಗೆ ಕೊಟ್ಟಳು.

ಕೌದಿ ಮೆಟ್ಟಿಲಿನ ಕೆಳಗಿತ್ತು. ಐವಾನ್-ಎ-ಶಾಹಿ ಬಡಾವಣೆಯ ತ್ರಿವೇಣಿಯ ಮನೆಯಲ್ಲಿ ಕೆಲಸದ ಶೇವಂತಾಳ ಚಪ್ಪಲಿ, ಚೀಲ, ಚಹಾದ ಕಪ್ಪು ಇರುವ ಜಾಗ ಅದು. ಆ ದಿನ ಅವಳ ತಾಯಿ ಪುತಳಾಬಾಯಿ ಕಮಲಾಪುರದಿಂದ ಬಸ್ಸಿನಲ್ಲಿ ಬಂದಿದ್ದಳು. ಕೋಟನೂರಿನ ಮಗಳ ಮನೆಗೆ ಬೀಗ ಕಂಡು ಆಟೋ ಹಿಡಿದು ಅವಳ ಕೆಲಸದ ಮನೆಗೇ ಬಂದಳು. ಕೌದಿಯ ಗಂಟನ್ನು ಮೆಟ್ಟಿಲ ಕೆಳಗಿಟ್ಟು ಇಬ್ಬರೂ ಸ್ಟೇಶನ್ ಬಜಾರದ ಕಣ್ಣಿನ ಡಾಕ್ಟರ ಹತ್ತಿರ ಹೋದರು. ಕಣ್ಣಿನ ನರ ಸೋತಿದೆ, ಆಪರೇಶನ್ ಮಾಡಿದರೂ ಹೋದ ಬೆಳಕು ಬರುವುದಿಲ್ಲ, ಔಷಧಿಯ ಹನಿ ಹಾಕಿಕೊಂಡು ಇದ್ದಷ್ಟನ್ನು ಕಾಪಾಡಿಕೊಳ್ಳಿ ಎಂದರು ಡಾಕ್ಟರು. ಹೊರಗೆ ಬಂದ ಪುತಳಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೊಂದು ಕೌದಿಗಾಗೂವಷ್ಟು ಕಣ್ಣು ಅದ ಬಿಡವಾ" ಎಂದು ಹೇಳಿ ಊರಿನ ಬಸ್ಸು ಹತ್ತಿದಳು.

ಶೇವಂತಾ ಮರಳಿ ಬಂದಾಗ ಪಡಸಾಲೆಯಲ್ಲಿ ಸುತ್ತಿಗೆಯ ಸದ್ದು ನಿಂತಿತ್ತು. ಕಂಬದ ಮೇಲೆ ಅಪ್ಪ ತಲೆಗೆ ಸುತ್ತುತ್ತಿದ್ದ ಕೇಸರಿ ರುಂಬಾಲು ಇತ್ತು. ಅವ್ವನ ಹಸಿರು ಸೀರೆ ಇತ್ತು. ತಾನು ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ನೀಲಿ ಲಂಗವೂ ಇತ್ತು. ಬೆಕ್ಕು ಹಿಂಗಾಲಿನ ಮೇಲೆ ನಿಂತು ಅವೆಲ್ಲದರೊಳಗೆ ಉಗುರು ಊರಿ ಕೆಳಗಿನವರೆಗೂ ಎಳೆಯುತ್ತಿತ್ತು.

"ಅಯ್ಯ, ಅದು ನಿಂದೇನು?" ಎಂದಳು ತ್ರಿವೇಣಿ. "ನೆಲ ಒರಸ್ಲಿಕ್ಕೆ ಹಳೇ ಚಿಂದಿ ತಂದಿಟ್ಟೀ ಅಂತ ತಿಳಕೊಂಡೆ. ಹೋಗಲಿ ಬಿಡು, ಮನಸಿಗೆ ಹಚ್ಕೋಬ್ಯಾಡ. ಆದ್ರ ಪೇಡಾನ್ನ ನೋಡ ಇಲ್ಲಿ! ಆಗಿಂದ ಸೋಫಾದ ಕಡೆ ಹೊಳ್ಳಿ ಸುದ್ದಾ ನೋಡಿಲ್ಲ."

ಪೇಡಾ ಎಂದರೆ ಆ ಬೆಕ್ಕು. ಅದಕ್ಕೆ ಬೇಜಾರಾಗಿತ್ತು. ಇದನ್ನು ಹೇಳಿದವರು ಬೆಕ್ಕು-ನಾಯಿಗಳ ಡಾಕ್ಟರು. ಇಡೀ ದಿನ ಮನೆಯೊಳಗೇ ಇರುತ್ತದೆ, ಬೇಟೆಯಿಲ್ಲ, ಆಟವಿಲ್ಲ, ಅದಕ್ಕೇ ಸೋಫಾ ಹರಿಯುತ್ತದೆ. ಹೊಡೆದರೆ ಪ್ರಯೋಜನವಿಲ್ಲ. ಮೈಚಾಚಿ ಪರಚಲು ಎತ್ತರದ, ಒರಟಾದ, ಅಲುಗದ ಒಂದು ವಸ್ತುವನ್ನು ಸೋಫಾದ ಪಕ್ಕದಲ್ಲೇ ಇಡಿ, ಮುಂಜಾನೆ ಸಂಜೆ ಯಾರಾದರೂ ಅದರ ಜೊತೆ ಆಡಿ ಎಂದಿದ್ದರು. ಅದಕ್ಕೂ ಮೊದಲು ತ್ರಿವೇಣಿ ಸೋಫಾದ ತೋಳಿಗೆ ಅಂಟುಪಟ್ಟಿ ಹಚ್ಚಿದ್ದಳು, ಮೂಸಂಬಿ ಸಿಪ್ಪೆ ಇಟ್ಟಿದ್ದಳು, ಉಗುರು ಕತ್ತರಿಸಲು ಹೋಗಿ ಕೈತುಂಬ ಗೀರು ಮಾಡಿಕೊಂಡಿದ್ದಳು. ಆನ್‌ಲೈನಿನಲ್ಲಿ ತರಿಸಿದ ಹಗ್ಗದ ಕಂಬ ಮೊದಲ ದಿನವೇ ಬೆಕ್ಕಿನ ಮೈಮೇಲೆ ಬಿತ್ತು. ಆಮೇಲೆ ಬೆಕ್ಕು ಅದರ ಹತ್ತಿರ ಸುಳಿಯಲಿಲ್ಲ. ಗಂಡ ಅರುಣಕುಮಾರ, "ಈ ಮನ್ಯಾಗ ಸೋಫಾ ಇರಬೇಕೋ ಬೆಕ್ಕು ಇರಬೇಕೋ ಒಂದ ಹೇಳಿಬಿಡು" ಎಂದು ದಿನಾ ಚಹಾದ ಜೊತೆ ಕೇಳುತ್ತಿದ್ದ.

ಬೇಜಾರು! ಶೇವಂತಾ ಆ ಮಾತನ್ನು ಭಾಂಡೆ ತಿಕ್ಕುವಾಗ ಬಾಯಲ್ಲಿ ಹೊರಳಿಸಿ ನೋಡಿದ್ದಳು. ಬೇಜಾರಾಗಬೇಕೆಂದರೆ ಮೊದಲು ಹೊಟ್ಟೆ ತುಂಬಿರಬೇಕು, ಆಮೇಲೆ ಕೈ ಖಾಲಿ ಇರಬೇಕು. ಅವಳ ಓಣಿಯಲ್ಲಿ ಎರಡೂ ಒಟ್ಟಿಗೆ ಸಿಕ್ಕ ಹೆಂಗಸು ಇನ್ನೂ ಹುಟ್ಟಿರಲಿಲ್ಲ. ಕೆಲಸ ಕಳೆದುಕೊಂಡು ಕೈ ಖಾಲಿಯಾದಾಗ ಹೊಟ್ಟೆಯೂ ಖಾಲಿಯಾಗುತ್ತಿತ್ತು. ಅದಕ್ಕೆ ಬೇಜಾರೆಂದು ಯಾವ ಡಾಕ್ಟರೂ ಹೆಸರಿಟ್ಟಿರಲಿಲ್ಲ.

ಅವಳಿಗೆ ಬೆಕ್ಕಿನ ಮೇಲೆ ಹೊಟ್ಟೆಕಿಚ್ಚಿತ್ತು. ಅದರ ಹಾಲಿನ ಮೇಲಲ್ಲ, ಅದು ಮಲಗುವ ತಂಪು ಕೋಣೆಯ ಮೇಲೂ ಅಲ್ಲ. ಅಷ್ಟನ್ನು ಅವಳು ಎಂದೋ ನುಂಗಿಕೊಂಡಿದ್ದಳು. ಈಗ ಉರಿಯುತ್ತಿದ್ದದ್ದು ಬೇರೆ.

ಕಮಲಾಪುರದಲ್ಲಿ ಪುತಳಾಬಾಯಿಯ ಕೌದಿ ಹೊದೆಯದ ಮನೆ ಕಡಿಮೆ. ಜನ ಹಳೆಯ ಸೀರೆ, ಧೋತರಗಳ ಗಂಟು ತಂದು ಅಂಗಳದಲ್ಲಿ ಇಳಿಸುತ್ತಿದ್ದರು. ಅವಳು ಕೂಲಿಯಿಂದ ಬಂದು ರೊಟ್ಟಿ ಬಡಿದು ಹೊಲಿಯಲು ಕೂಡುತ್ತಿದ್ದಳು. ಶೇವಂತಾಳ ನೆನಪಿನಲ್ಲಿ ತಾಯಿಯ ತೊಡೆ ಎಂದೂ ಬರಿದಾಗಿರಲಿಲ್ಲ. ಯಾರದೋ ಮನೆಯ ಕೌದಿ ಅದರ ಮೇಲೆ ಹರಡಿಕೊಂಡಿರುತ್ತಿತ್ತು. ತಲೆ ಇಡಲು ಹೋದರೆ, "ಸೂಜಿ ಚುಚ್ಚೀತು, ಆಕಡೆ ಸರಿ" ಎಂಬ ಮಾತು ಬರುತ್ತಿತ್ತು. ತವರಿನ ಕೌದಿ ಹೊತ್ತು ಗಂಡನ ಮನೆಗೆ ಹೋಗುವುದು ಅವರಲ್ಲಿ ವಾಡಿಕೆ. ಶೇವಂತಾಳ ಮದುವೆಗೆಂದು ಹೊಲಿದದ್ದನ್ನು ಅಣ್ಣ ಗುಂಡಣ್ಣನ ಹೆಂಡತಿ ಬಾಣಂತನಕ್ಕೆ ಎತ್ತಿಕೊಂಡಳು. "ನಿನಗ ಮತ್ತೊಂದು ಹೊಲೀತೀನಿ" ಎಂದಿದ್ದಳು ತಾಯಿ. ಆ ಮತ್ತೊಂದು ಬರಲು ಶೇವಂತಾಳ ತಲೆಯಲ್ಲಿ ಬಿಳಿಕೂದಲು ಮೂಡಬೇಕಾಯಿತು. ಬಂದದ್ದು ಅರ್ಧ ದಿನ ಮೆಟ್ಟಿಲ ಕೆಳಗಿತ್ತು. ಒಮ್ಮೆಯೂ ಹೊದ್ದಿರಲಿಲ್ಲ.

ರಜೆ ಸಿಕ್ಕ ದಿನ ಅವಳು ಕಮಲಾಪುರಕ್ಕೆ ಹೋದಳು. ಬಸ್ ಸ್ಟ್ಯಾಂಡಿನ ಕೆಂಪು ಬಾಳೆಹಣ್ಣಿನ ಗಾಡಿಗಳನ್ನು ದಾಟಿ, ಸಿಟ್ಟಿನ ಮಾತುಗಳನ್ನು ಜೋಡಿಸಿಕೊಳ್ಳುತ್ತ ಮನೆ ಮುಟ್ಟಿದಳು. ತಾಯಿ ಬೈಯಬೇಕು, ಆ ಮನೆಗೆ ಶಾಪ ಹಾಕಬೇಕು, ತನ್ನನ್ನು ಹತ್ತಿರ ಕರೆಯಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

"ಕತ್ತರಸ್ಯಾಳ?" ಎಂದಳು ಪುತಳಾಬಾಯಿ.

"ಹೂಂ."

"ನಿಮ್ಮಪ್ಪನ ರುಂಬಾಲೂ?"

"ಅದನ್ನೂ."

ಮುದುಕಿ ಸೆರಗಿನ ಅಂಚಿನ ಹೊಲಿಗೆಯನ್ನು ಬೆರಳಿನಿಂದ ಸವರಿದಳು. ಆಮೇಲೆ ಕೇಳಿದಳು, "ಬೆಕ್ಕು ಪರಚಿದ್ರ ಹೊಲಿಗಿ ಟಾಕಿ ಬಿಚ್ಯಾವೇನು?"

"ಇಲ್ಲ."

"ಒಂದೂ?"

"ಒಂದೂ ಬಿಚ್ಚಿಲ್ಲ."

ಪುತಳಾಬಾಯಿಯ ಬೊಚ್ಚುಬಾಯಿ ಅರಳಿತು. "ಮತ್ತ! ಪುತಳಾನ ಟಾಕಿ ಅಂದ್ರ ಏನ್ ತಿಳದೀ!"

ಶೇವಂತಾ ಚೀಲವನ್ನು ನೆಲಕ್ಕೆ ಕುಕ್ಕಿದಳು. "ನಗ್ತಿ? ಮಗಳ ಕೌದಿ ಮೋರಿಪಾಲಾದ್ರ ನಗ್ತಿಯೇನವಾ?"

"ಅಳ್ಲೇನು ಹಂಗಾದ್ರ? ಊರತುಂಬ ಹೊಲದು ಕೊಟ್ಟೀನಿ. ಚಲೋ ಅದ ಪುತಳವ್ವ ಅಂತ ಒಬ್ಬರ ಬಾಯಾಗ ಬಂದಿಲ್ಲ. ಆ ಮೂಕ ಜೀವಕ್ಕರ ಗೊತ್ತಾತಲ್ಲ."

"ನನಗ ಕೊಟ್ಟಿದ್ರ ನಾ ಅಂತಿದ್ದಿಲ್ಲೇನು?"

ಅಷ್ಟರಲ್ಲಿ ಶೇವಂತಾಳ ಫೋನು ರಿಂಗಾಯಿತು. ತ್ರಿವೇಣಿ. "ಶೇವಂತಾ, ಬರೂವಾಗ ನಿಮ್ಮವ್ವ ಆಯಿನ್ನ ಕರಕೊಂಡ ಬಾ. ಊಟದ ಕುರ್ಚಿಗೆ, ಮ್ಯಾಲಿನ ರೂಮಿನ ಮಂಚಕ್ಕ ಎಲ್ಲಾ ಹಂಥಾವೇ ಕೌದಿ ಹೊಲಿಸಿಬಿಡೋಣು. ನನ್ನ ಹಳೇ ಸೀರಿ ರಗಡ ಅವ. ಇಲ್ಲೇ ಕುಂತು ಹೊಲೀಲಿ, ಪೇಡಾಗೂ ಒಬ್ಬರು ಜೋಡಿ ಆಗ್ತದ." ಫೋನಿನ ದನಿ ದೊಡ್ಡದಿತ್ತು. ಪುತಳಾಬಾಯಿಗೆ ಎಲ್ಲ ಕೇಳಿಸಿತು.

"ಬರ್ತಾಳಂತ ಹೇಳು" ಎಂದಳು.

ಫೋನು ಇಟ್ಟ ಮೇಲೆ ಶೇವಂತಾ ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. "ಇನ್ನೊಂದು ಕೌದಿಗಾಗೂವಷ್ಟು ಕಣ್ಣು ಅದ ಅಂದಿದ್ದಿ."

"ಅಂದಿದ್ದೆ."

"ಅದು ಯಾರ ಪಾಲಿಂದು?"

ಪುತಳಾಬಾಯಿ ಗೋಡೆಯ ಗೂಡಿನಲ್ಲಿದ್ದ ಕಣ್ಣಿನ ಔಷಧಿಯನ್ನು ತಡಕಾಡಿ ತೆಗೆದು ಚೀಲಕ್ಕೆ ಹಾಕಿಕೊಂಡಳು.

ಮರುದಿನ ಐವಾನ್-ಎ-ಶಾಹಿಯ ಮನೆಯ ಪಡಸಾಲೆಯಲ್ಲಿ ಅವಳು ಮೊದಲು ನೆಲದ ಮೇಲೇ ಕುಳಿತಳು. ಬೆಕ್ಕು ಸೋಫಾದ ಮೇಲಿಂದ ಇಳಿಯದೆ ಅಲ್ಲಿಂದಲೇ ಕೂಗತೊಡಗಿತು. "ಮ್ಯಾಲ ಕುಂದ್ರು ಆಯಿ, ಅದು ಕೆಳಗ ಬರೂದಿಲ್ಲ" ಎಂದು ತ್ರಿವೇಣಿ ಸೋಫಾದ ಮೇಲೆ ಒಂದು ಹಳೆಯ ಚಾದರ ಹಾಸಿದಳು. ಪುತಳಾಬಾಯಿ ಹೆದರುತ್ತ ತುದಿಯಲ್ಲಿ ಕುಳಿತಳು. ಬೆಕ್ಕು ಬಂದು ಅವಳ ತೊಡೆ ಏರಿತು. ಒಂದು ಸುತ್ತು ಹಾಕಿ, ಮೈ ಮುದುಡಿ, ಗುರುಗುಟ್ಟತೊಡಗಿತು.

ಶೇವಂತಾ ನೆಲ ಒರೆಸುತ್ತಿದ್ದಳು. ಆ ಸೋಫಾವನ್ನು ಅವಳು ಎಷ್ಟೋ ವರ್ಷ ಜಾಡಿಸಿದ್ದಳು, ಒಂದು ದಿನ ಕುಳಿತಿರಲಿಲ್ಲ. ಆ ತೊಡೆಯನ್ನು ಹುಟ್ಟಿದಾಗಿನಿಂದ ಕಂಡಿದ್ದಳು, ಮನದಣಿಯೆ ಮಲಗಿರಲಿಲ್ಲ. ಎರಡೂ ಒಮ್ಮೆಗೇ ಬೆಕ್ಕಿಗೆ ಸಿಕ್ಕಿದ್ದವು. ಅದೂ ಸೋಫಾ ಹರಿದದ್ದಕ್ಕೆ! ತಾನು ಬಾಲ್ಯದಲ್ಲಿ ಯಾರದಾದರೂ ಸೋಫಾ ಹರಿಯಬೇಕಿತ್ತೇನೋ ಎಂದುಕೊಂಡಳು.

"ಏನ ಮೆತ್ತಗ ಅದವಾ" ಎಂದು ಪುತಳಾಬಾಯಿ ಬೆಕ್ಕಿನ ಕಿವಿಯ ಹಿಂದೆ ತುರಿಸಿದಳು. "ನನ್ನ ಬಂಗಾರಾ. ನನ್ನ ಪುಟಾಣಿ."

ಶೇವಂತಾ ಬಟ್ಟೆ ಹಿಂಡಿದಳು. ನೀರು ಮುಗಿದ ಮೇಲೂ ಹಿಂಡುತ್ತಲೇ ಇದ್ದಳು.

"ಬೆಕ್ಕಿಗೆ ಅವ್ವ ಸಿಕ್ಕಳು ಬಿಡು" ಎಂದಳು, ಕೇಳಿಸಲೆಂದೇ. "ಬಾಣಂತನಾನೂ ಮಾಡು ಇನ್ನ."

"ಹುಚ್ಚಿ. ನಿನ್ನ ಜೋಡಿ ನಾಕ ದಿನ ಇದ್ದಂಗಾಗ್ತದಂತ ಬಂದೀನಿ."

"ನನ್ನ ಜೋಡಿ ಎಲ್ಲಿದ್ದಿ? ನಾ ನೆಲದ ಮ್ಯಾಲ ಇದ್ದೀನಿ, ನೀ ಸೋಫಾದ ಮ್ಯಾಲ ಇದ್ದಿ."

ತ್ರಿವೇಣಿ ಸೀರೆಗಳ ರಾಶಿ ತಂದು ಹಾಕಿದಳು. ಪುತಳಾಬಾಯಿ ಕೌದಿಗೆ ಕೂಡುವ ರೀತಿಯೇ ಬೇರೆ. ಮೊದಲು ಇದ್ದಬದ್ದ ಸೂಜಿಗಳಿಗೆಲ್ಲ ದಾರ ಪೋಣಿಸಿ, ಸಾಲಾಗಿ ಒಂದು ಅರಿವೆಗೆ ಚುಚ್ಚಿಟ್ಟುಕೊಳ್ಳಬೇಕು. ಹೊಲಿಯತೊಡಗಿದ ಮೇಲೆ ಕಣ್ಣು ಅಷ್ಟಾಗಿ ಬೇಡ, ಬೆರಳೇ ದಾರಿ ಹಿಡಿಯುತ್ತದೆ. ಅವಳು ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡಿ, ಸೂಜಿಯನ್ನು ಕಿಟಕಿಗೆ ಎತ್ತಿ ಹಿಡಿದಳು. ದಾರ ಪಕ್ಕಕ್ಕೆ ಹೋಯಿತು. ಮತ್ತೆ ಹಿಡಿದಳು. ಮತ್ತೆ ಪಕ್ಕಕ್ಕೆ ಹೋಯಿತು. ಬೆಕ್ಕು ಜೋತಾಡುವ ದಾರಕ್ಕೆ ಪಂಜ ಹಾಕಿತು. ತ್ರಿವೇಣಿ ನಕ್ಕಳು. ಪುತಳಾಬಾಯಿಯೂ ನಕ್ಕಳು.

"ಶೇವಂತಾ, ಒರಸೂದು ಬಿಡು" ಎಂದಳು ತ್ರಿವೇಣಿ. "ಬಂದು ಆಯಿಗೆ ಸೂಜಿ ಪೋಣಸಿ ಕೊಡು. ಎಲ್ಲಾ ಪೋಣಸಿ ಇಟ್ಟು ಆಮ್ಯಾಲ ಭಾಂಡೆಕ್ಕ ಹೋಗು."

ಶೇವಂತಾ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಎದ್ದು ಬಂದಳು. ತಾಯಿ ಸೂಜಿ ದಾರಗಳನ್ನು ಅವಳತ್ತ ಚಾಚಿದಳು. ಶೇವಂತಾ ಕೈ ನೀಡಲಿಲ್ಲ.

"ಪೋಣಸೂದಿಲ್ರಿ ಅಕ್ಕಾರ."

"ಏನಂದಿ?"

"ನೆಲ ಒರಸ್ತೀನಿ, ಭಾಂಡೆ ತಿಕ್ತೀನಿ, ಬೆಕ್ಕಿನ ಹೇಲೂ ಬಳೀತೀನಿ. ಇದಷ್ಟ ಮಾಡೂದಿಲ್ಲ."

"ಸೂಜಿ ಪೋಣಸ್ಲಿಕ್ಕೇನು ಧಾಡಿ ಬಂದದ ನಿನಗ? ಅಷ್ಟು ಸೊಕ್ಕಿದ್ರ ನಾಳಿಂದ ಬರಬ್ಯಾಡ ಹೋಗು."

ಶೇವಂತಾ ಅಲುಗಲಿಲ್ಲ. ಪುತಳಾಬಾಯಿ ಸೂಜಿಯನ್ನು ಇನ್ನಷ್ಟು ಮುಂದೆ ಚಾಚಿದಳು. "ಹಠ ಮಾಡಬ್ಯಾಡ ನನ್ನವ್ವ" ಎಂದಳು. "ಪೋಣಸು. ನನಗ ಕಾಣ್ಸೂದಿಲ್ಲಂತ ನಿನಗ ಗೊತ್ತದಲ್ಲ?"

"ಗೊತ್ತದ ಯವ್ವಾ, ಇನ್ನೊಂದು ಕೌದಿಗಾಗೂವಷ್ಟ ಉಳದದ" ಎಂದಳು ಶೇವಂತಾ. "ಅದಕ್ಕ ಪೋಣಸೂದಿಲ್ಲ."