ಲೊಚಗುಟ್ಟುವ ನಾಲಿಗೆ

ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವ ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ಮೇಣದ ಹಲ್ಲು ಕೆತ್ತುತ್ತಿದ್ದ ಅವಳ ಕೈ ನಡುಗಿದ್ದನ್ನು ಯಾರೂ ಕಂಡಿರಲಿಲ್ಲ. ಊರಿನ ಅರ್ಧ ಜನ ನಗುವುದೇ ತನ್ನ ಹಲ್ಲಿನಿಂದ ಎಂದು ಅವಳು ತಮಾಷೆ ಮಾಡುತ್ತಿದ್ದಳು. ಆ ಕೈ ನೋಡಿಯೇ ಗಂಡನ ಅಣ್ಣ ಅವಳನ್ನು ಶೂಟಿಂಗ್ ಕ್ಲಬ್ಬಿಗೆ ಕರೆದೊಯ್ದು ಏರ್ ಪಿಸ್ತೂಲು ಹಿಡಿಸಿದ್ದ. ಅಲ್ಲಿಯ ಕೋಚ್ ಅವನೇ.

ಎರಡು ವರ್ಷದಲ್ಲಿ ಅವಳು ಕ್ಲಬ್ಬಿನವರನ್ನೆಲ್ಲ ಹಿಂದೆ ಹಾಕಿದಳು, ಅಭ್ಯಾಸದಲ್ಲಿ ಮಾತ್ರ. ಪಂದ್ಯವೆಂದರೆ ಅರವತ್ತು ಗುಂಡಿನಲ್ಲಿ ಐವತ್ತು ಚೆನ್ನಾಗಿ ಬಿದ್ದು ಕೊನೆಯ ಹತ್ತು ದಿಕ್ಕಾಪಾಲಾಗುತ್ತಿದ್ದವು. ಪಿಸ್ತೂಲಿನ ತುದಿಯಲ್ಲಿನ ಗುರಿಮೊನೆಯ ಮೇಲೆ ನಿಲ್ಲಬೇಕಾದ ಕಣ್ಣು ಟಾರ್ಗೆಟ್ಟಿಗೆ ಹಾರುತ್ತಿತ್ತು. ಹೀಗೆ ಮೂರು ಪಂದ್ಯ ಕೈತಪ್ಪಿದವು. ನಿನಗೆ ಏಕಾಗ್ರತೆಯೇ ಇಲ್ಲ ಎಂದ ಭಾವ, ಕಣ್ಣು ಮುಚ್ಚಿ ಕೂರಿಸಿದ, ಗೋಡೆಯ ಚುಕ್ಕೆ ದಿಟ್ಟಿಸಲು ಹೇಳಿದ, ಟೀ ಬಿಡಿಸಿದ. ಅವಳು ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದಳು.

ಒಂದು ಭಾನುವಾರ ಬೆಳಿಗ್ಗೆ, ಕ್ಲಬ್ಬಿನಲ್ಲಿ ಪಂದ್ಯದಂತೆಯೇ ಅರವತ್ತು ಗುಂಡು ಎಣಿಸಿ ಹೊಡೆಯುವಾಗ, ಅವಳಿಗೆ ತಟ್ಟನೆ ಹೊಳೆಯಿತು. ಪಂದ್ಯಗಳಲ್ಲಿ ಮಾಡುವಂತೆಯೇ ಭಾವ ಅವಳ ಬೆನ್ನ ಹಿಂದೆ ಸ್ಟೂಲ್ ಹಾಕಿಕೊಂಡು ದುರ್ಬೀನಿನಲ್ಲಿ ನೋಡುತ್ತ, ಗುಂಡು ಜಾರಿದಾಗಲೆಲ್ಲ ನಾಲಿಗೆ ಲೊಚಗುಟ್ಟುತ್ತಿದ್ದ. ಕೊನೆಯ ಹತ್ತು ಬಂತೆಂದರೆ ಅವಳ ಕಿವಿ ಗುಂಡಿಗೂ ಮೊದಲೇ ಆ ಸದ್ದಿಗೆ ಕಾಯುತ್ತಿತ್ತು. ಮೈಯೆಲ್ಲ ಉರಿದುಹೋಯಿತು. ಪಿಸ್ತೂಲನ್ನು ಮೇಜಿನ ಮೇಲಿಟ್ಟು ತಿರುಗಿದಳು.

"ಭಾವ, ಹಿಂದೆ ಕೂತು ಲೊಚಗುಟ್ಟೋದನ್ನ ನಿಲ್ಲಿಸಿ."

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ," ಎಂದ ಭಾವ, ಎಲ್ಲರಿಗೂ ಕೇಳುವಂತೆ. ಇಬ್ಬರು ನಕ್ಕರು.

"ನೆಲ ಸರಿಯಾಗೇ ಇದೆ. ನೀವು ಹೊರಗೆ ಹೋಗಿ."

ಅವಳು ಮನೆ ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು. ಅಣ್ಣನ ಕ್ಷಮೆ ಕೇಳು ಎಂದು ಗಂಡ ಪಟ್ಟು ಹಿಡಿದ. ಕಲಿಸಿದ್ದಕ್ಕೆ ಕೈ ಮುಗಿಯುತ್ತೇನೆ, ಕ್ಷಮೆ ಮಾತ್ರ ಕೇಳುವುದಿಲ್ಲ ಎಂದು ಅವಳು ಪಾತ್ರೆ ತಿಕ್ಕುತ್ತಲೇ ಹೇಳಿದಳು.

ಭಾವ ಅವಳ ಹಿಂದೆ ಕೂರುವುದನ್ನು ಬಿಟ್ಟ. ಇನ್ನಾದರೂ ಸರಿಹೋದೀತು ಎಂದುಕೊಂಡರೆ, ಬೆನ್ನ ಹಿಂದೆ ಯಾರೂ ಇಲ್ಲದಿದ್ದರೂ ಕೊನೆಯ ಹತ್ತು ಕೆಟ್ಟವು. ಆ ಸದ್ದು ಅವಳ ತಲೆಯೊಳಗೇ ಮನೆ ಮಾಡಿತ್ತು. ಭಾವನ ಮೇಲಿದ್ದ ಸಿಟ್ಟು ಎರಡು ವರ್ಷ ಹೇಳಿದ್ದನ್ನೆಲ್ಲ ಬಾಯಿ ಮುಚ್ಚಿಕೊಂಡು ಮಾಡಿದ್ದ ತನ್ನ ಮೇಲೇ ತಿರುಗಿತು. ಒಮ್ಮೆ ಎತ್ತಿದ ತೋಳನ್ನು ಇಳಿಸಿದರೆ ಸೋತಂತೆ ಎಂಬ ಹಠಕ್ಕೆ ಬಿದ್ದು, ಕೈ ನಡುಗುವವರೆಗೂ ಹಿಡಿದು ಟ್ರಿಗರ್ ಎಳೆಯುತ್ತಿದ್ದಳು.

ಪಕ್ಕದಲ್ಲಿ ಗುರಿ ಹಿಡಿಯುತ್ತಿದ್ದ, ಬಸ್ ಕಂಡಕ್ಟರಾಗಿ ನಿವೃತ್ತಳಾದ ಹೆಂಗಸು ಒಂದು ದಿನ ಅಂದಳು: "ಯಾಕಮ್ಮ, ಆ ಕೈ ಇಳಿಸಿದ್ರೆ ಯಾರಾದ್ರೂ ಫೈನ್ ಹಾಕ್ತಾರಾ?"

ಅವಳಿಗೆ ರೇಗಿತು. ಆದರೆ ಮರುದಿನ ಲ್ಯಾಬಿನಲ್ಲಿ ಸೊಟ್ಟಗಾದ ಮೇಣದ ಹಲ್ಲನ್ನು ಕರಗಿಸಿ ಮತ್ತೆ ಶುರುಮಾಡುವಾಗ ಆ ಮಾತು ನೆನಪಾಯಿತು. ಹಲ್ಲು ಕರಗಿಸಲು ಇಲ್ಲದ ನಾಚಿಕೆ ತೋಳು ಇಳಿಸಲು ಏಕೆ? ಅಂದಿನಿಂದ ತಲೆಯೊಳಗೆ ಸದ್ದು ಎದ್ದರೆ ತೋಳು ಇಳಿಸಿ, ಉಸಿರು ಬಿಟ್ಟು, ಮೊದಲಿನಿಂದ ಎತ್ತತೊಡಗಿದಳು. ಸಿಟ್ಟೇನೂ ಹೋಗಲಿಲ್ಲ. ಸಿಟ್ಟಿದ್ದರೂ ಕಣ್ಣು ಮೊನೆಯ ಮೇಲೆ ನಿಲ್ಲುತ್ತದೆ ಎಂಬುದಷ್ಟೇ ಗೊತ್ತಾಯಿತು.

ಎರಡು ತಿಂಗಳ ನಂತರದ ಪಂದ್ಯಕ್ಕೆ ಭಾವನೂ ಬಂದು ಕೈ ಕಟ್ಟಿ ನಿಂತಿದ್ದ. ಐವತ್ತನಾಲ್ಕನೆಯ ಗುಂಡಿಗೆ ಅವಳು ಮೂರು ಸಲ ತೋಳೆತ್ತಿ ಮೂರು ಸಲವೂ ಇಳಿಸಿದಳು. ನೋಡುತ್ತಿದ್ದವರು ಗುಸುಗುಸು ಅಂದರು. ನಾಲ್ಕನೆಯ ಸಲ ಹೊಡೆದದ್ದು ನಡುವಿಗೇ ಬಿತ್ತು. ಒಟ್ಟಾರೆ ಎರಡನೆಯ ಸ್ಥಾನ ಬಂತು, ಜಿಲ್ಲಾ ತಂಡಕ್ಕೂ ಆಯ್ಕೆಯಾದಳು.

ಅವಳು ಪಿಸ್ತೂಲಿನ ಪೆಟ್ಟಿಗೆ ಮುಚ್ಚುವಾಗ, ಅವಳು ಗಟ್ಟಿಯಾಗಲಿ ಅಂತಲೇ ತಾನು ಬೇಕೆಂದು ಹಾಗೆ ಕಾಡಿದ್ದು ಎಂದು ಭಾವ ಕ್ಲಬ್ಬಿನ ಕಾರ್ಯದರ್ಶಿಯ ಎದುರು ಕೊಚ್ಚಿಕೊಳ್ಳುತ್ತಿದ್ದ.

"ಮೊದಲ ಐವತ್ತು ಬೇಕಾದ್ರೆ ನಿಮ್ಮದು ಅಂತ ಹೇಳ್ಕೊಳ್ಳಿ ಭಾವ," ಎಂದಳು. "ಕೊನೇ ಹತ್ತು ನಂದು."

ಅಷ್ಟು ಜನರ ಮುಂದೆ ಹಾಗೆ ಅನ್ನಬೇಕಿತ್ತೇ ಎಂದು ಗಂಡ ಬಸ್ಸಿನಲ್ಲಿ ಕೇಳಿದ. ನಿಮ್ಮಣ್ಣ ಗಾದೆ ಹೇಳಿದ್ದು ಎಷ್ಟು ಜನರ ಮುಂದೆ ಎಂದು ಅವಳು ತಿರುಗಿ ಕೇಳಿದಳು. ಅವನು ಮುಖ ಊದಿಸಿಕೊಂಡು ಟಿಕೆಟ್ಟಿಗೆ ಚಿಲ್ಲರೆ ಎಣಿಸತೊಡಗಿದ. ಅವಳು ಸಮಾಧಾನ ಹೇಳಲು ಹೋಗಲಿಲ್ಲ.