ಹಗೇವಿನ ಮೇಲೆ ಕುಳಿತ ನಾಯಿ

ಸೊಂಟ ಸಿಕ್ಕಿಕೊಂಡಿತು, ಇಲ್ಲ, ಜಾರಿತು, ಈಗ ಭುಜ, ಉಸಿರು ಬಿಡು ಅಂಜಮ್ಮ, ಪೂರ್ತಿ ಬಿಟ್ಟರೆ ಮೈ ಸಣ್ಣದಾಗುತ್ತದೆ ಅಂತ ಕದಿರೇಶಣ್ಣ ಹೇಳುತ್ತಿದ್ದ, ಬಿಟ್ಟೆ, ಕಲ್ಲಿನ ಅಂಚು ಬೆನ್ನು ತರಚಿಕೊಂಡು ಮೇಲೆ ಹೋಯಿತು, ಮೇಲೆ ಹೋದದ್ದು ಕಲ್ಲಲ್ಲ, ಕೆಳಗೆ ಹೋಗುತ್ತಿರುವುದು ನಾನು, ಕಂಕುಳಲ್ಲಿ ಹಗ್ಗ ಉರಿಯುತ್ತಿದೆ, ನಿಧಾನ ಸೊಣ್ಣಪ್ಪಮಾವ ನಿಧಾನ, ಏನ್ ಭಾರಾನೂ ಇಲ್ವಲ್ಲಮ್ಮ ನೀನು, ಕೋಳಿಮರಿ ಇಳಿಸ್ದಂಗೈತೆ, ಅವನ ದನಿ ಆಗಲೇ ಎಷ್ಟು ದೂರದಿಂದ. ಯಜಮಾನ್ರ ಅಂಗಳದಲ್ಲಿ ರಾಗಿ ತುಂಬಿಡುವ ನೆಲದೊಳಗಿನ ಗುಂಡಿ ಇದು, ಮೇಲಿಂದ ನೋಡಿದರೆ ಒಂದು ಮುಚ್ಚಳದ ಕಲ್ಲು ಅಷ್ಟೇ, ಒಳಗೆ ಗುಡಾಣದ ಹಾಗೆ, ಕುತ್ತಿಗೆ ಇಷ್ಟು, ಹೊಟ್ಟೆ ಅಷ್ಟು, ಈ ಕುತ್ತಿಗೆಯಲ್ಲಿ ತೂರುವ ಮೈ ಊರಲ್ಲಿ ಎರಡೇ, ಒಂದು ನನ್ನ ಅಣ್ಣ ಕದಿರೇಶನದು, ಅವನು ಠಾಣೆಯಲ್ಲಿದ್ದಾನೆ, ಇನ್ನೊಂದು ನನ್ನದು. ಹೆಣ್ಣುಮಗು ಹಗೇವಿಗೆ ಇಳಿಯೋದಾ, ಅಂದರು ಯಜಮಾನ್ರ ಹೆಂಡತಿ ಭಾರತಮ್ಮನವರು, ನಾನು ಸೀರೆಯನ್ನು ಕಚ್ಚೆ ಕಟ್ಟಿ ಮೇಲೆ ಅಣ್ಣನ ಖಾಕಿ ಅಂಗಿ ಹಾಕಿಕೊಂಡು ನಿಂತಾಗ, ಯಾರಾದರೂ ಇಳಿಯಲೇಬೇಕಲ್ಲ ಅಮ್ಮೋರೆ ಅಂದೆ, ಅಂಗಿಯಲ್ಲಿ ಬೀಡಿಯ ವಾಸನೆ, ದನದ ವಾಸನೆ, ಅಣ್ಣನ ವಾಸನೆ, ಕಾಲ ಕೆಳಗೆ ದೀಪ. ನನಗಿಂತ ಮೊದಲು ಬುಟ್ಟಿಯಲ್ಲಿ ಇಳಿಸಿದ ಸೀಮೆಎಣ್ಣೆ ಬುಡ್ಡಿ, ಕುಡಿ ನೆಟ್ಟಗೆ ನಿಂತಿದೆ, ಅದನ್ನೇ ನೋಡ್ತಿರು, ಮುಚ್ಚಿಟ್ಟ ರಾಗಿ ಕೆಟ್ಟ ಗಾಳಿ ಬಿಟ್ಟಿರ್ತದೆ, ಕುಡಿ ಕುಗ್ಗಿದ್ರೆ ಹಗ್ಗ ಜಗ್ಗಿಬಿಡಮ್ಮ, ಬೆಳಗಿನಿಂದ ಬಾಯಿ ತೆರೆದಿಟ್ಟು ಕಂಬಳಿ ಬೀಸಿ ಬೀಸಿ ಸೊಣ್ಣಪ್ಪಮಾವನ ರಟ್ಟೆ ಸೋತಿದೆ, ಕುಡಿ ಕುಗ್ಗಿಲ್ಲ, ನೆಟ್ಟಗಿದೆ.

ಕಾಲಿಗೆ ರಾಗಿ. ಬೆಚ್ಚಗೆ. ಮೊಣಕಾಲವರೆಗೆ ಹೂತುಹೋದೆ, ಹೊಸ ರಾಗಿ, ಸಂಕ್ರಾಂತಿಗೆ ಮುಂಚೆ ಅಣ್ಣನೇ ತುಂಬಿದ್ದು, ಈ ಮನೆಯ ಆಳು ಅವನು, ರಾತ್ರಿ ಜಗಲಿಯಲ್ಲೇ ಮಲಗುವವನು, ಅದಕ್ಕೇ ತಾನೆ ಹಿಡಿದದ್ದು, ಕಳ್ಳ ಹೆಂಚು ತೆಗೆದು ಇಳಿದು ಯಜಮಾನ್ರ ಪೆಟ್ಟಿಗೆ ಒಡೆದು ಎರಡು ತುಪಾಕಿ ಹೊತ್ತುಕೊಂಡು ಹೋಗುವಾಗ ಜಗಲೀಲಿದ್ದೋನಿಗೆ ಕೇಳಿಸ್ಲಿಲ್ವೇನ್ಲಾ, ಅಂತ ದಫೇದಾರರು ಕೇಳಿದ್ದು ಅಷ್ಟೇ, ಅಣ್ಣನಿಗೆ ನಿದ್ದೆ ಬಂದರೆ ತಮಟೆ ಬಾರಿಸಿದರೂ ಎಚ್ಚರವಿಲ್ಲ ಅಂತ ಅಮ್ಮ ಹೇಳಿದರೆ ಅವರು ನಕ್ಕರು, ಜೀಪಿಗೆ ಹತ್ತಿಸಿದರು, ನಿನ್ನೆ ಬುತ್ತಿ ತೆಗೆದುಕೊಂಡು ಹೋಗಿ ಬಂದ ಅಮ್ಮ, ನಿಂತ್ಕೊಳ್ಳೋಕೆ ಆಗ್ತಿಲ್ಲಮ್ಮ ಅವ್ನಿಗೆ, ಅಂದಳು, ಆಮೇಲೆ ಬುತ್ತಿ ಬಿಚ್ಚಿದಳು, ಮುದ್ದೆ ಹಾಗೇ ಇತ್ತು. ಬೇಡ, ಅದು ಬೇಡ ಈಗ, ಈಗ ಕೈಯಾಡಿಸು, ಹಗ್ಗ ಬಿಚ್ಚಿದೆ, ಹಗ್ಗ ಕಟ್ಟಿಕೊಂಡು ಬಗ್ಗಲು ಆಗುವುದಿಲ್ಲ, ಯಾಕಮ್ಮ ಬಿಚ್ಚಿದೆ, ಅಂತ ಮೇಲಿಂದ, ಇಲ್ಲೇ ಇದ್ದೀನಿ ಮಾವ, ಕೈ ಆಡಿಸುತ್ತೇನೆ, ರಾಗಿ ಬೆರಳ ಸಂದಿಯಿಂದ ಹರಿಯುತ್ತದೆ, ಇರಬೇಕು, ಇಲ್ಲೇ ಇರಬೇಕು, ನಾಯಿ ಸುಳ್ಳು ಹೇಳುವುದಿಲ್ಲ.

ಆ ನಾಯಿ. ಬೆಂಗಳೂರಿಂದ ಜೀಪಿನಲ್ಲಿ ಬಂದ ಪೊಲೀಸ್ ನಾಯಿ, ಕರೀ ಬೆನ್ನು, ನಮ್ಮ ಕರುವಿನಷ್ಟಿತ್ತು, ಒಡೆದ ಪೆಟ್ಟಿಗೆ ಮೂಸಿಸಿದರು, ಪಡಸಾಲೆ ಸುತ್ತಿತು, ಹೊಸ್ತಿಲು ದಾಟಿತು, ಅಂಗಳಕ್ಕೆ ಬಂದು ಈ ಹಗೇವಿನ ಕಲ್ಲಿನ ಮೇಲೆ ಕುಳಿತುಬಿಟ್ಟಿತು, ಊರೆಲ್ಲ ನಕ್ಕಿತು, ನಾನೂ ನಕ್ಕೆ, ಪುಷ್ಯ ಮಾಸದ ಚಳಿಗೆ ಊರಿನ ನಾಯಿಗಳೆಲ್ಲ ಬೆಳಗ್ಗೆ ಈ ಕಲ್ಲಿನ ಮೇಲೇ ಇರುತ್ತವೆ, ಕೆಳಗೆ ಹೊಸ ರಾಗಿಯ ಕಾವು, ಕಲ್ಲು ಬೆಚ್ಚಗಿರುತ್ತದೆ, ಬೆಂಗ್ಳೂರು ನಾಯಿಗೂ ಚಳಿ ಆಯ್ತದೆ ಕಣ್ರೋ, ಒಂದು ಕಂಬಳಿ ಹೊದಿಸ್ರೋ, ಅಂದವನು ಯಜಮಾನ್ರ ಮಗ ರಾಮಚಂದ್ರ, ಎಲ್ಲರಿಗಿಂತ ಜೋರಾಗಿ ನಕ್ಕವನು, ಬನ್ನು ತಂದು ಎಸೆದವನು, ನಾಯಿ ಬನ್ನು ಮುಟ್ಟಲಿಲ್ಲ, ನಾಯಿಯವನಿಗೆ ನಾಚಿಕೆಯಾಗಿ ಸರಪಣಿ ಹಿಡಿದು ಎಳೆದುಕೊಂಡು ಹೋದ. ನಿನ್ನೆ ಬೆಳಗ್ಗೆ ಅಂಗಳ ಸಾರಿಸಲು ಬಂದೆ, ಕಲ್ಲಿನ ಮೇಲೆ ನಮ್ಮ ಕೆಂದ ನಾಯಿ ಮಲಗಿತ್ತು, ಮೂತಿಯನ್ನು ಬಾಲದೊಳಗೆ ತುರುಕಿಕೊಂಡು ಮುದುಡಿ ಮಲಗಿತ್ತು, ಕೈಯಲ್ಲಿದ್ದ ಸಗಣಿ ನೀರು ಹಾಗೇ ಸೋರಿತು, ಚಳಿ ಕಾಯಿಸುವ ನಾಯಿ ಮುದುಡುತ್ತದೆ, ಅದು ಮುದುಡಿರಲಿಲ್ಲ, ಅದು ಕುಳಿತಿತ್ತು, ನೆಟ್ಟಗೆ, ಕಿವಿ ಎತ್ತಿ, ತನ್ನವನ ಮುಖ ನೋಡುತ್ತ, ಬಾರಯ್ಯ ಇಲ್ಲೈತೆ ಅನ್ನುವ ಹಾಗೆ. ಓಡಿದೆ, ಯಜಮಾನ್ರ ಮುಂದೆ ನಿಂತೆ, ಹಗೇವು ತೆಗೆಸಿ ಯಜಮಾನ್ರೇ ಅಂದೆ, ತೆಗೆಯಬಾರದು, ತಂಡಿ ತಾಗಿ ರಾಗಿ ಕೆಡ್ತದೆ, ಗ್ಯಾಸು ಹೊಡೆದು ಯಾರಾದ್ರೂ ಸತ್ತರೆ ಅಂದ ರಾಮಚಂದ್ರ, ಯಜಮಾನ್ರು ಚನ್ನರಾಯಪ್ಪನವರು ಮಾತ್ರ ನನ್ನನ್ನೇ ನೋಡಿದರು, ಎಲೆಕ್ಷನ್ ಬಂದಿದೆ, ಲೈಸೆನ್ಸಿನ ತುಪಾಕಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು ಅಂತ ಆರ್ಡರು, ಒಪ್ಪಿಸಲು ತುಪಾಕಿ ಎಲ್ಲಿದೆ, ಅವರಪ್ಪನ ಕಾಲದ ಲೈಸೆನ್ಸು, ತೆಗೀರೋ ಅಂದುಬಿಟ್ಟರು, ದಫೇದಾರರಿಗೂ ಹೇಳಿ ಕಳಿಸಿದರು, ಜೀಪು ಬರುವವರೆಗೆ ಕಾಯಲು ಅವರಿಗೇ ತಡೆಯಲಾಗಲಿಲ್ಲ, ರಾಮಚಂದ್ರ ಇವತ್ತು ಮೊದಲ ಬಸ್ಸಿಗೆ ಮುಳಬಾಗಿಲಿಗೆ ಹೋದನಂತೆ, ಏನು ಕೆಲಸವೋ.

ಕಾಲಿಗೆ ತಣ್ಣಗೆ. ಈ ಬೆಚ್ಚನೆಯ ರಾಗಿಯಲ್ಲಿ ತಣ್ಣಗಿರುವುದು ಯಾವುದು, ಬೆರಳು ಚಾಚಿದೆ, ದುಂಡಗೆ, ಉದ್ದಕ್ಕೆ, ಕಬ್ಬಿಣ, ಕಬ್ಬಿಣವೇ, ಅಯ್ಯೋ ಸಿಕ್ಕಿತು, ಅಮ್ಮಾ ಸಿಕ್ಕಿತು, ಬಾಯಿ ಬಿಟ್ಟು ಕೂಗಿದೆನೋ ಒಳಗೇ ಕೂಗಿದೆನೋ, ಸಿಕ್ತಾ, ಅಂತ ಯಜಮಾನ್ರು, ಅವರ ದನಿ ಮದುಮಗನ ದನಿ, ಸಿಕ್ತು ಯಜಮಾನ್ರೇ, ಎರಡೂ ಐತೆ, ಜೋಡುನಳಿಗೆ ಐತೆ, ಒಂಟಿನಳಿಗೇನೂ ಐತೆ, ಮೇಲೆ ಸೊಣ್ಣಪ್ಪಮಾವ ಶಿಳ್ಳೆ ಹಾಕಿದ, ಅಮ್ಮ ಎಲ್ಲೋ ಅತ್ತಳು, ಸಾಯಂಕಾಲದೊಳಗೆ ಅಣ್ಣ ಮನೆಯಲ್ಲಿ, ಬಿಸಿನೀರು ಕಾಯಿಸಬೇಕು, ಅವರೇಕಾಯಿ ಬಿಡಿಸಬೇಕು, ಆಯುಧಪೂಜೆಯ ದಿನ ಹೆಂಗಸರು ದೂರ ನಿಲ್ಲಿ ಅನ್ನುತ್ತಿದ್ದ ತುಪಾಕಿ ಈಗ ನನ್ನ ತೊಡೆಯ ಮೇಲೆ, ಕೂಸಿನಷ್ಟು ಭಾರ, ಜೋಡುನಳಿಗೆಯ ಹಿಂಬದಿಯ ಮರ ಮುರಿದಿದೆ, ಯಾಕೆ ಮುರಿಯಿತು, ಮುರಿದ ಜಾಗಕ್ಕೆ ಬಟ್ಟೆ ಸುತ್ತಿ ಬಿಗಿದಿದ್ದಾರೆ, ಕಾಲು ಮುರಿದ ಮೇಕೆಗೆ ಕಟ್ಟಿದ ಹಾಗೆ, ಮರ ಮುರಿದೈತೆ, ಬಟ್ಟೆ ಸುತ್ತವ್ರೆ, ಅಂತ ಕೂಗಿದೆ. ಯಾತ್ರಲ್ಲಿ ಸುತ್ತವ್ರಮ್ಮ, ಯಜಮಾನ್ರು ನಗುತ್ತಲೇ ಕೇಳಿದರು, ದೀಪದ ಹತ್ತಿರ ಹಿಡಿದೆ, ಕೆಂಪು ಪಟ್ಟೆ ಹಸಿರು ಪಟ್ಟೆ, ಉಲ್ಲನ್ನು, ಮಫ್ಲರು ಯಜಮಾನ್ರೇ, ಅಂದೆ, ಅಂದ ಮೇಲೆ ನನಗೆ ತಿಳಿಯಿತು. ಹಿಂದಿನ ವರ್ಷ ಭಾರತಮ್ಮನವರು ಈ ಜಗಲಿಯಲ್ಲೇ ಕೂತು ಹೆಣೆದದ್ದು, ರಾಮಚಂದ್ರ ಬಿಸಿಲಲ್ಲೂ ಕತ್ತಿಗೆ ಹಾಕಿಕೊಂಡು ತಿರುಗಿದ್ದು, ಎಲ್ಲೋಯ್ತೋ ಮಫ್ಲರು ಅಂದರೆ ಬಸ್ಸಲ್ಲಿ ಬಿಟ್ಟೆ ಅಂದದ್ದು, ಶ್ರೀನಿವಾಸಪುರದ ಕಡೆ ಗೆಳೆಯರ ಜೊತೆ ಹಂದಿ ಶಿಕಾರಿಗೆ ಅಂತ ಅಪ್ಪನಿಗೆ ಹೇಳದೆ ಹೋಗಿ ಬಂದದ್ದು, ಅಲ್ಲಿ ತುಪಾಕಿ ಮುರಿಯಿತು, ಇಲ್ಲಿ ಆರ್ಡರು ಬಂತು, ಅಪ್ಪ ಪೆಟ್ಟಿಗೆ ತೆರೆದರೆ ಗತಿ ಏನು, ಹೆಂಚು ತಾನೇ ತೆಗೆದ, ಪೆಟ್ಟಿಗೆ ತಾನೇ ಒಡೆದ, ಈ ಕಲ್ಲು ಸರಿಸಿ ಮೇಲಿಂದಲೇ ಒಳಕ್ಕೆ ಬಿಟ್ಟು ಒಂದು ಮೂಟೆ ರಾಗಿ ಸುರಿದ, ಅಪ್ಪನ ಬೈಗುಳಕ್ಕೆ ಹೆದರಿ, ಬರೀ ಬೈಗುಳಕ್ಕೆ, ಅಣ್ಣನಿಗೆ ನಿಂತುಕೊಳ್ಳಲು ಆಗುತ್ತಿಲ್ಲ.

ಮೇಲೆ ಯಜಮಾನ್ರ ನಗು ನಿಂತಿತು. ಸೊಣ್ಣಪ್ಪ, ಒಳಗೋಗಿ ಒಂದು ಚೊಂಬು ನೀರು ತಗೊಂಬಾ, ಅಂದರು, ಹೆಜ್ಜೆ ಸರಿಯಿತು, ಹಗೇವಿನ ಬಾಯಿಯ ತುಂಬ ಇದ್ದ ಆಕಾಶವನ್ನು ಅವರ ತಲೆ ಮುಚ್ಚಿತು, ಕತ್ತಲು, ಬುಡ್ಡಿಯ ಕುಡಿ ಮಾತ್ರ. ಅಂಜಮ್ಮಾ, ಮಗಳೇ, ಯಾವತ್ತೂ ಮಗಳೇ ಅಂದವರಲ್ಲ, ಆ ಬಟ್ಟೆ ಬಿಚ್ಚಿ ರಾಗಿಯೊಳಗೆ ಆಳಕ್ಕೆ ತುರುಕಮ್ಮ, ಬರೀ ತುಪಾಕಿ ಮೇಲಕ್ಕೆ ಕೊಡು, ನಾನೇ ಜೀಪಲ್ಲಿ ಹೋಗ್ತೀನಿ, ಸಾಯಂಕಾಲಕ್ಕೆ ನಿಮ್ಮಣ್ಣ ನಿಮ್ಮನೇಲಿ, ನನ್ನ ಮಾತು ನಂಬು. ನಂಬುತ್ತಿದ್ದೆ, ನಿನ್ನೆಯಾಗಿದ್ದರೆ ನಂಬುತ್ತಿದ್ದೆ, ಈ ಹಗೇವು ತುಂಬಿದವನು ಯಾರು ಅಂತ ದಫೇದಾರರು ಕೇಳುತ್ತಾರೆ, ಕದಿರೇಶ ಅನ್ನುತ್ತಾರೆ, ಮತ್ತೆ ಅವನಲ್ಲದೆ ಇನ್ಯಾರು ಇಟ್ಟಿರುತ್ತಾರೆ ಅನ್ನುತ್ತಾರೆ, ಅವನಲ್ಲ ಅನ್ನುವುದು ಈ ಉಲ್ಲನ್ನು ಒಂದೇ, ಇದು ಬಿಚ್ಚಿದರೆ ಅಣ್ಣ ಕಳ್ಳ. ಯಜಮಾನ್ರೇ, ನಿಮ್ಮ ಮಗನದು ಇದು. ಒಬ್ಬನೇ ಮಗ ಕಣಮ್ಮ. ನನಗೂ ಒಬ್ಬನೇ ಅಣ್ಣ. ಜೀಪಿನ ಸದ್ದೋ ಬಸ್ಸಿನ ಸದ್ದೋ, ದೂರದಲ್ಲಿ, ಕೆರೆ ಏರಿಯ ಮೇಲೆ, ಅವರಿಗೂ ಕೇಳಿಸಿತು, ಹಗ್ಗ ಸರಸರ ಇಳಿಯಿತು, ತುದಿ ನನ್ನ ಮುಖದ ಮುಂದೆ ತೂಗಾಡಿತು, ಬೇಗ ಹಿಡ್ಕೊಮ್ಮ, ಅಲ್ಲಿ ಗಾಳಿ ಕೆಟ್ಟದು, ಮೊದ್ಲು ಮೇಲೆ ಬಾ, ಮಿಕ್ಕಿದ್ದು ಆಮೇಲೆ ಮಾತಾಡೋಣ, ಬಾರಮ್ಮ. ಮೇಲೆ ಬಂದರೆ ನಾಲ್ಕು ಕೈಗಳು, ಮಫ್ಲರು ಯಾರ ಕೈಗೋ, ಆ ಕಲ್ಲು ಮುಚ್ಚಿದರೆ ನನ್ನ ಗತಿ ಏನೋ, ಅಮ್ಮ ಅಂಗಳದಲ್ಲಿದ್ದಾಳೆ, ಅಮ್ಮಾ ಇದ್ದೀಯಾ ಅಂದೆ, ಉನ್ನಾನಮ್ಮಾ, ಅಂದಳು ಅವಳ ತೆಲುಗಿನಲ್ಲಿ, ಇದ್ದಾಳೆ, ಸಾಕು. ಎರಡು ತುಪಾಕಿಯನ್ನೂ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡೆ, ಮಫ್ಲರಿನ ಗಂಟನ್ನು ಇನ್ನೊಂದು ಸುತ್ತು ಬಿಗಿದೆ, ಬೆನ್ನು ಗೋಡೆಗೆ ಆನಿಸಲಿಲ್ಲ, ಕುಳಿತೆ.

ಹಗ್ಗ ಹಿಡ್ಕೊ ಅಂಜಮ್ಮ.

ಬರಲ್ಲ. ದಫೇದಾರ್ರು ಇಲ್ಲಿ ಬಗ್ಗಿ ನೋಡೋವರ್ಗೂ ಬರಲ್ಲ.

ಹಗ್ಗ ತೂಗುತ್ತಿದೆ, ಹಗ್ಗದಾಚೆ ಬುಡ್ಡಿ, ಬುಡ್ಡಿಯ ಕುಡಿ, ನೆಟ್ಟಗೆ, ಕಿವಿ ಎತ್ತಿ ಕುಳಿತ ಹಾಗೆ, ನೆಟ್ಟಗೆ.